ನಾಲ್ಕೂವರೆ ಗಂಟೆಯ ದೂರ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ್ದ. 1987ರ ತಂಡದವನು. ಭೂಪಟ ಬಿಡಿಸುವುದೆಂದರೆ ಹೆದರುತ್ತಿದ್ದ ಹುಡುಗ ಈಗ ಶಿವಮೊಗ್ಗದಲ್ಲಿ ಸ್ವಂತ ಅಂಗಡಿ ನಡೆಸುತ್ತಿದ್ದಾನೆ. ಅವನ ಮಗನಿಗೆ ಸಿಂಗಪುರದಲ್ಲಿ ಕೆಲಸ ಸಿಕ್ಕಿದೆಯಂತೆ. ಸಂತೋಷದ ಸುದ್ದಿಯೇ. ಆದರೆ ಹುಡುಗನ ಅಜ್ಜಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲವಂತೆ. ಮೊಮ್ಮಗ ಸಮುದ್ರದಾಚೆ ಹೋಗಿಬಿಡುತ್ತಾನೆಂಬ ಚಿಂತೆ ಅವರಿಗೆ.

“ಸಾರ್, ನಿಮ್ಮ ಮಾತೆಂದರೆ ಅಮ್ಮನಿಗೆ ನಂಬಿಕೆ. ಬರೀ ನಾಲ್ಕೂವರೆ ಗಂಟೆಯ ದಾರಿ, ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವುದಕ್ಕಿಂತ ಬೇಗ ಅಂತ ನೀವೊಂದು ಮಾತು ಹೇಳಿಬಿಡಿ, ಸಾಕು” ಎಂದ.

ಹೇಳಲು ನನ್ನ ಬಾಯಿ ಬರಲಿಲ್ಲ. “ಒಂದೆರಡು ದಿನ ಬಿಟ್ಟು ನಾನೇ ಫೋನು ಮಾಡುತ್ತೇನಪ್ಪಾ” ಎಂದು ಮಾತು ಮುಗಿಸಿದೆ. ಅವನಿಗೆ ಆಶ್ಚರ್ಯವಾಗಿರಬೇಕು. ಮೂವತ್ತೈದು ವರ್ಷ ಭೂಗೋಳವನ್ನೂ ಗಣಿತವನ್ನೂ ಪಾಠ ಮಾಡಿದ ಮೇಷ್ಟ್ರಿಗೆ ಇಷ್ಟು ಚಿಕ್ಕ ಉತ್ತರ ಹೇಳಲು ಎರಡು ದಿನ ಏಕೆ ಬೇಕು? ಕಾರಣವಿದೆ. ಅವನು ಹೇಳಿಕೊಟ್ಟ ಅದೇ ಮಾತನ್ನು ನಾನು ಹಿಂದೊಮ್ಮೆ ಹೇಳಿದ್ದೆ. ನನ್ನ ಅಣ್ಣಯ್ಯನಿಗೆ ಹೇಳಿದ್ದೆ. ಅದರ ಕಥೆಯನ್ನು ಈವರೆಗೆ ಎಲ್ಲಿಯೂ ಬರೆದಿಲ್ಲ. ಇಂದು ಬರೆಯುತ್ತೇನೆ.

ನಮ್ಮ ತಂದೆ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ಅಣ್ಣಯ್ಯನಿಗೆ ಹದಿನೆಂಟು. ಅವನು ಓದು ನಿಲ್ಲಿಸಿ ತೀರ್ಥಹಳ್ಳಿಯ ಬಳಿ ಇದ್ದ ನಮ್ಮ ಎರಡು ಎಕರೆ ಅಡಿಕೆ ತೋಟಕ್ಕೆ ಇಳಿದ. ಅವನು ತೋಟಕ್ಕೆ ಇಳಿದದ್ದರಿಂದ ನಾನು ಶಾಲೆಗೆ ಹೋದೆ, ಕಾಲೇಜಿಗೆ ಹೋದೆ, ಕೊನೆಗೆ ಮೇಷ್ಟ್ರೂ ಆದೆ. ಅವನಿಗೆ ಇಬ್ಬರು ಗಂಡುಮಕ್ಕಳು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಕರೆಯುತ್ತಿದ್ದಂತೆ ದೊಡ್ಡವನು, ಚಿಕ್ಕವನು ಎಂದೇ ಬರೆಯುತ್ತೇನೆ, ಬಂಧುಗಳಿಗೆ ತಿಳಿಯುತ್ತದೆ.

ದೊಡ್ಡವನು ನನ್ನದೇ ಶಾಲೆಯಲ್ಲಿ ಓದಿದವನು. ತರಗತಿಯಲ್ಲಿ ನಾನು ಭೂಮಿಯ ದೈನಂದಿನ ಚಲನೆಯನ್ನು ವಿವರಿಸುತ್ತಿದ್ದಾಗ ಒಮ್ಮೆ ಎದ್ದು ನಿಂತು ಕೇಳಿದ್ದ: “ಸಾರ್, ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದಲ್ಲ, ವಿಮಾನ ಸುಮ್ಮನೆ ಮೇಲೆ ಹೋಗಿ ನಿಂತುಕೊಂಡರೆ ಪಶ್ಚಿಮದ ಊರುಗಳು ತಾವಾಗಿಯೇ ಕೆಳಗೆ ಬರುವುದಿಲ್ಲವೇ?” ತರಗತಿ ನಕ್ಕಿತು. ನಾನು ನಗಲಿಲ್ಲ. ಭೂಮಿಯೊಡನೆ ಅದರ ಗಾಳಿಯೂ ತಿರುಗುತ್ತದೆ, ಓಡುವ ಬಸ್ಸಿನೊಳಗೆ ನೊಣ ಹಾರಾಡಿದಂತೆ ವಿಮಾನವೂ ಆ ಗಾಳಿಯೊಳಗೇ ಹಾರುತ್ತದೆ ಎಂದು ಹೇಳಿದೆ. ಒಳ್ಳೆಯ ಪ್ರಶ್ನೆ ಕೇಳುವ ಹುಡುಗ ಬಹಳ ದೂರ ಹೋಗುತ್ತಾನೆಂದು ಆ ಸಂಜೆ ಅಣ್ಣಯ್ಯನ ಮುಂದೆ ಹೆಮ್ಮೆಯಿಂದ ಹೇಳಿದ್ದೆ.

ದೂರ ಹೋದದ್ದು 2004ರಲ್ಲಿ. ನಾನು ನಿವೃತ್ತನಾದ ವರ್ಷವೂ ಅದೇ. ಸಿಂಗಪುರದ ಕೆಲಸದ ಪತ್ರ ಬಂದ ರಾತ್ರಿ ಅಣ್ಣಯ್ಯ ನಮ್ಮ ಮನೆಗೆ ಬಂದ. ಮಳೆ ಹಿಡಿದಿತ್ತು. ಕೊಡೆ ಮಡಿಸಿ ಜಗಲಿಯ ಮೂಲೆಯಲ್ಲಿಟ್ಟು ಎಲೆಯಡಿಕೆ ಹಾಕಿಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತ. ಆಮೇಲೆ ಕೇಳಿದ: “ತಮ್ಮಾ, ಅದು ಎಷ್ಟು ದೂರ?”

ನಾನು ಉತ್ಸಾಹದಿಂದ ಭೂಗೋಳ ತಂದೆ. ದಾರ ತಂದೆ. ಬೆಂಗಳೂರಿನ ಮೇಲೆ ದಾರದ ಒಂದು ತುದಿ, ಸಿಂಗಪುರದ ಮೇಲೆ ಇನ್ನೊಂದು ತುದಿ. ಆಮೇಲೆ ಹಾಳೆಯ ಮೇಲೆ ಲೆಕ್ಕ. ವಿದ್ಯಾರ್ಥಿಗಳಿಗೆ ನೆನಪಿರಬಹುದು, ಇದು ನಾನು ಪದೇ ಪದೇ ಮಾಡಿಸುತ್ತಿದ್ದ ಲೆಕ್ಕ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಸಿಂಗಪುರ ಸಮಭಾಜಕ ವೃತ್ತಕ್ಕೆ ಅಂಟಿಕೊಂಡಂತೆ ಸುಮಾರು 1 ಡಿಗ್ರಿ ಉತ್ತರದಲ್ಲಿದೆ. ವ್ಯತ್ಯಾಸ 12. ರೇಖಾಂಶದಲ್ಲಿ ಬೆಂಗಳೂರು ಸುಮಾರು 78, ಸಿಂಗಪುರ 104. ವ್ಯತ್ಯಾಸ 26. ಈ ಎರಡನ್ನು ಲಂಬಕೋನ ತ್ರಿಭುಜದ ಎರಡು ಬಾಹುಗಳೆಂದುಕೊಂಡರೆ ವರ್ಗಗಳ ಮೊತ್ತ 820, ಅದರ ವರ್ಗಮೂಲ ಸುಮಾರು 28.6. ಒಂದು ಡಿಗ್ರಿಗೆ 111 ಕಿಲೋಮೀಟರಿನಂತೆ ಗುಣಿಸಿದರೆ ಹತ್ತಿರ ಹತ್ತಿರ 3,180 ಕಿ.ಮೀ. ಸಮಭಾಜಕ ವೃತ್ತದ ಸಮೀಪ ರೇಖಾಂಶಗಳು ಹೆಚ್ಚು ಒತ್ತಾಗಿ ಸೇರಿರುವುದಿಲ್ಲವಾದ್ದರಿಂದ ಈ ಸರಳ ಲೆಕ್ಕ ಇಲ್ಲಿ ನಡೆಯುತ್ತದೆ. ಟೋಕಿಯೋಗೋ ಲಂಡನ್ನಿಗೋ ಹೀಗೆ ಮಾಡಿದರೆ ತಪ್ಪುತ್ತದೆ. ಅಲ್ಲಿ ಗೋಳದ ಬಾಗನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಇನ್ನು ವಿಮಾನದ ವೇಗ. ದೊಡ್ಡ ಜೆಟ್ ವಿಮಾನ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ ಸುಮಾರು 850 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಭಾಗಿಸಿದರೆ ಮೂರು ಮುಕ್ಕಾಲು ಗಂಟೆ. ಏರುವಾಗ ಇಳಿಯುವಾಗ ಆ ವೇಗವಿರುವುದಿಲ್ಲ. ನೆಲದ ಮೇಲೆ ಉರುಳುವ ಹೊತ್ತೂ ಸೇರಬೇಕು. ಆಕಾಶದಲ್ಲೂ ದಾರಿಗಳು ನಿಗದಿಯಾಗಿರುವುದರಿಂದ ದಾರ ಎಳೆದಷ್ಟು ನೇರವಾಗಿ ಯಾವ ವಿಮಾನವೂ ಹೋಗುವುದಿಲ್ಲ. ಎಲ್ಲ ಕೂಡಿಸಿ ನಾಲ್ಕೂವರೆ ಗಂಟೆ.

“ಅಣ್ಣಯ್ಯಾ, ನಾಲ್ಕೂವರೆ ಗಂಟೆ, ಅಷ್ಟೆ. ದೆಹಲಿಗಿರುವ ದೂರದ ಎರಡರಷ್ಟೂ ಇಲ್ಲ. ನೀನು ಇಲ್ಲಿಂದ ಬೆಂಗಳೂರಿಗೆ ಹೋಗಲು ಏಳೆಂಟು ಗಂಟೆ ಬೇಕು. ನಿನ್ನ ಮಗ ಬೆಂಗಳೂರಿಗಿಂತ ಹತ್ತಿರದಲ್ಲಿರುತ್ತಾನೆ ಎಂದುಕೋ” ಎಂದೆ.

ಅಣ್ಣಯ್ಯನ ಮುಖ ಅರಳಿತು. ಆ ಮೇಲಿನ ಏಳು ವರ್ಷ ಆ ಮಾತು ಅವನ ಬಾಯಲ್ಲಿ ಎಷ್ಟು ಸಲ ಬಂತೋ. ಅಡಿಕೆ ಮಂಡಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ ಪಕ್ಕ ಕುಳಿತವರೊಡನೆ, “ದೊಡ್ಡವನು ಸಿಂಗಪುರದಲ್ಲಿದ್ದಾನೆ, ನಾಲ್ಕೂವರೆ ಗಂಟೆ ಅಷ್ಟೆ, ನಮ್ಮ ತಮ್ಮ ಲೆಕ್ಕ ಹಾಕಿ ಹೇಳಿದ್ದಾನೆ” ಎನ್ನುತ್ತಿದ್ದ. ಕೇಳಿದಾಗ ನನಗೂ ಸಂತೋಷವಾಗುತ್ತಿತ್ತು.

2011ರ ಜುಲೈ ತಿಂಗಳಲ್ಲಿ, ಒಂದು ಬೆಳಗಿನ ಜಾವ ನಾಲ್ಕು ಗಂಟೆಯ ಸುಮಾರಿಗೆ, ಅಣ್ಣಯ್ಯ ಎದೆ ನೋವೆಂದು ಎದ್ದು ಕುಳಿತವನು ಹಾಗೆಯೇ ಒರಗಿದ. ಎಪ್ಪತ್ತನಾಲ್ಕು ವರ್ಷ. ಹೊರಗೆ ಮಲೆನಾಡಿನ ಮಳೆ ಎಡೆಬಿಡದೆ ಸುರಿಯುತ್ತಿತ್ತು. ಚಿಕ್ಕವನು ಸ್ಕೂಟರಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋದ. ಐದೂವರೆಗೆ ಸಿಂಗಪುರಕ್ಕೆ ಫೋನು ಸಿಕ್ಕಿತು. ಅಲ್ಲಿ ಎಂಟು ಗಂಟೆ. ನಾನೇ ಮಾತನಾಡಿದೆ. ದೊಡ್ಡವನು ಅಳಲಿಲ್ಲ. “ಈಗಲೇ ಹೊರಡುತ್ತೇನೆ ಚಿಕ್ಕಪ್ಪ” ಎಂದ.

ಏಳು ಗಂಟೆಯ ಹೊತ್ತಿಗೆ ಹಿರಿಯರು ಸೇರಿದರು. ನಮ್ಮಲ್ಲಿ ಹೆಣವನ್ನು ರಾತ್ರಿ ಕಳೆಯಲು ಬಿಡುವುದಿಲ್ಲ. ಕತ್ತಲಾಗುವ ಮುನ್ನ ಸಂಸ್ಕಾರ ಮುಗಿಯಬೇಕು. ಶವವಿಡುವ ಶೀತಲ ಪೆಟ್ಟಿಗೆಯೂ ಆಗ ನಮ್ಮ ಹಳ್ಳಿಯ ಕೈಗೆ ಸಿಗುವ ವಸ್ತುವಾಗಿರಲಿಲ್ಲ. ಅತ್ತಿಗೆ ಕೇಳಿಕೊಂಡದ್ದು ಒಂದೇ ಮಾತು: “ದೊಡ್ಡವನು ಒಂದು ಸಲ ಮುಖ ನೋಡಲಿ.” ಪುರೋಹಿತರು ನನ್ನ ಕಡೆ ತಿರುಗಿ, “ಮೇಷ್ಟ್ರೇ, ನೀವು ಹೇಳಿ. ಎಷ್ಟು ಹೊತ್ತಿಗೆ ಬರಬಹುದು?” ಎಂದರು.

ಆ ಗಳಿಗೆಯಲ್ಲಿಯೂ ನಾನು ಲೆಕ್ಕ ಹಾಕಿದೆ. ವಿಮಾನಕ್ಕೆ ನಾಲ್ಕೂವರೆ ಗಂಟೆ. ದೇವನಹಳ್ಳಿಯಿಂದ ತೀರ್ಥಹಳ್ಳಿಗೆ ಕಾರಿನಲ್ಲಿ ಏಳು ಗಂಟೆ. ಒಟ್ಟು ಹನ್ನೊಂದೂವರೆ. ಐದೂವರೆಗೆ ಸುದ್ದಿ ಮುಟ್ಟಿದೆ, ಸಂಜೆ ಐದಕ್ಕೆ ಬರಬೇಕು. ಒಂದು ಗಂಟೆ ಹೆಚ್ಚು ಹಿಡಿದರೂ ಆರು. ಜುಲೈ ತಿಂಗಳಲ್ಲಿ ಏಳರವರೆಗೆ ಬೆಳಕಿರುತ್ತದೆ. “ಸೂರ್ಯಾಸ್ತಕ್ಕೆ ಮೊದಲು ಬರುತ್ತಾನೆ” ಎಂದೆ. ಮೇಷ್ಟ್ರು ಹೇಳಿದ ಮೇಲೆ ಯಾರೂ ಮರುಮಾತನಾಡಲಿಲ್ಲ. ಎಲ್ಲರೂ ಕಾಯಲು ಕುಳಿತರು.

ನನ್ನ ಲೆಕ್ಕದಲ್ಲಿ ಏನೇನು ಇರಲಿಲ್ಲವೆಂದು ನೋಡಿ. ವಿಮಾನವೆಂದರೆ ಬಸ್‌ ನಿಲ್ದಾಣದಲ್ಲಿ ನಿಂತಿರುವ ಟ್ಯಾಕ್ಸಿಯಲ್ಲ. ಅದು ಹೊರಡುವ ಹೊತ್ತಿಗೆ ಹೊರಡುತ್ತದೆ. ಬೆಳಗಿನ ವಿಮಾನಕ್ಕೆ ಅವನು ತಲುಪುವಂತಿರಲಿಲ್ಲ. ಚೆನ್ನೈ ಮೂಲಕ ಬರಲು ಪ್ರಯತ್ನಿಸಿದ, ಸೀಟು ಸಿಗಲಿಲ್ಲ. ಸಿಕ್ಕಿದ್ದು ರಾತ್ರಿ ಎಂಟು ಗಂಟೆಗೆ ಹೊರಡುವ ವಿಮಾನ. ಇದನ್ನು ಅವನು ಬೆಳಗ್ಗೆಯೇ ತಿಳಿಸಲು ನೋಡಿದ್ದಾನೆ. ಆದರೆ ಅಷ್ಟರಲ್ಲಿ ಮಳೆಗೆ ನಮ್ಮ ಫೋನಿನ ತಂತಿ ಕೆಟ್ಟಿತ್ತು. ಮೊಬೈಲು ಹಿಡಿಯಬೇಕಾದರೆ ಎರಡು ಕಿಲೋಮೀಟರ್ ನಡೆದು ಗುಡ್ಡ ಹತ್ತಬೇಕಿತ್ತು. ಮಧ್ಯಾಹ್ನದವರೆಗೆ ಯಾರೂ ಹತ್ತಲಿಲ್ಲ. ಏಕೆ ಹತ್ತಬೇಕು? ಹುಡುಗ ದಾರಿಯಲ್ಲಿದ್ದಾನೆಂದು ನಾನೇ ಹೇಳಿದ್ದೆನಲ್ಲ.

ನಾಲ್ಕು ಗಂಟೆಗೆ ಚಿಕ್ಕವನು ಗುಡ್ಡದಿಂದ ಓಡುತ್ತ ಬಂದ. “ಅಣ್ಣ ಇನ್ನೂ ಸಿಂಗಪುರದ ವಿಮಾನ ನಿಲ್ದಾಣದಲ್ಲೇ ಇದ್ದಾನಂತೆ. ಎಂಟಕ್ಕೆ ಹೊರಟು ಹತ್ತಕ್ಕೆ ಬೆಂಗಳೂರಿಗೆ ಬರುತ್ತಾನಂತೆ.” ಹಿರಿಯರೊಬ್ಬರು ಎದ್ದು, “ಎರಡೇ ಗಂಟೆಯ ದಾರಿಗೆ ಇಷ್ಟು ಹೊತ್ತು ಏಕೆ ತಡ ಮಾಡಿದ?” ಎಂದು ಸಿಟ್ಟಾದರು. ಎಂಟು ಅಲ್ಲಿಯ ಗಡಿಯಾರದ್ದು, ಹತ್ತು ಇಲ್ಲಿಯದ್ದು, ನಡುವೆ ಎರಡೂವರೆ ಗಂಟೆಯ ವ್ಯತ್ಯಾಸ ಅಡಗಿದೆ ಎಂದು ವಿವರಿಸಬೇಕಾಗಿತ್ತು. ರೇಖಾಂಶವೊಂದಕ್ಕೆ ನಾಲ್ಕು ನಿಮಿಷ ಎಂದು ಸಾವಿರಾರು ಮಕ್ಕಳಿಗೆ ಕಲಿಸಿದ ನನಗೆ ಆ ಸಂಜೆ ಮಾತು ಹೊರಡಲಿಲ್ಲ.

ಅತ್ತಿಗೆ ಒಳಗಿನಿಂದ ಬಂದು ನನ್ನ ಮುಂದೆ ನಿಂತರು. “ನಾಲ್ಕೂವರೆ ಗಂಟೆ ಅಂತ ನೀನೇ ಹೇಳಿದ್ದೆಯಲ್ಲ” ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಅರ್ಥವಾಗದೆ ಕೇಳಿದ್ದರು, ಅಷ್ಟೆ. ದೂರಾಗಿದ್ದರೆ ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ.

ಗುಡ್ಡ ಹತ್ತಿ ನಾನೇ ಅವನಿಗೆ ಫೋನು ಮಾಡಿದೆ. ಏನು ಮಾಡಬೇಕೆಂದು ಕೇಳಲು ಹೋಗಿದ್ದೆ, ಕೇಳಲಾಗಲಿಲ್ಲ. ಅವನೇ ಹೇಳಿದ: “ಚಿಕ್ಕಪ್ಪ, ಅಪ್ಪನನ್ನು ಇನ್ನು ಕಾಯಿಸಬೇಡಿ. ಮುಗಿಸಿಬಿಡಿ. ಅಮ್ಮನಿಗೆ ನೀವು ಹೇಳಿ.” ಹಿಂದೆ ವಿಮಾನ ನಿಲ್ದಾಣದ ಘೋಷಣೆಗಳು ಕೇಳಿಸುತ್ತಿದ್ದವು.

ಆರೂವರೆಗೆ ತೋಟದ ಅಂಚಿನಲ್ಲಿ, ಮಳೆಗೆ ಅಡ್ಡವಾಗಿ ಕಟ್ಟಿದ ತಗಡಿನ ಕೆಳಗೆ, ಚಿಕ್ಕವನು ಚಿತೆಗೆ ಬೆಂಕಿ ಇಟ್ಟ. ಆ ಹೊತ್ತಿಗೆ ದೊಡ್ಡವನ ವಿಮಾನ ಹೊರಟು ಒಂದು ಗಂಟೆಯಾಗಿತ್ತು. ಮಲಾಕ್ಕಾ ಜಲಸಂಧಿಯ ಮೇಲೆ ಎಲ್ಲೋ ಇದ್ದಿರಬೇಕು.

ಅವನು ಮನೆ ಮುಟ್ಟಿದ್ದು ಮರುದಿನ ಬೆಳಗ್ಗೆ ಎಂಟೂವರೆಗೆ. ಹತ್ತು ಗಂಟೆಗೆ ಇಳಿದರೂ ತಪಾಸಣೆ ಮುಗಿಸಿ ಹೊರಬರಲು ಹನ್ನೊಂದೂಕಾಲು. ತುಮಕೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ ದಾಟಿ ಬಂದರೆ ಮಂಡಗದ್ದೆಯ ಬಳಿ ರಸ್ತೆಗೆ ಮರ ಬಿದ್ದಿತ್ತಂತೆ. ಬೂಟು ಕೈಯಲ್ಲಿ ಹಿಡಿದು ಕೆಸರಿನಲ್ಲಿ ನೇರವಾಗಿ ತೋಟದ ಅಂಚಿಗೆ ಹೋಗಿ ನಿಂತ. ಬೂದಿ ಇನ್ನೂ ಬೆಚ್ಚಗಿತ್ತು. ನಾನು ಹತ್ತಿರ ಹೋಗಿ ನಿಂತಾಗ ಬಹಳ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದ: “ಚಿಕ್ಕಪ್ಪ, ವಿಮಾನದಲ್ಲಿ ನಾಲ್ಕೂವರೆ ಗಂಟೆಯೇ ಆಯಿತು. ನಿಮ್ಮ ಲೆಕ್ಕ ಸರಿಯಾಗಿತ್ತು.”

ಸುದ್ದಿ ತಿಳಿದ ಗಳಿಗೆಯಿಂದ ಅವನು ಬಂದು ನಿಂತ ಗಳಿಗೆಗೆ ಇಪ್ಪತ್ತೇಳು ಗಂಟೆ ಆಗಿತ್ತು.

ಆ ಮೇಲೆ ಆ ಪ್ರಶ್ನೆಯನ್ನು ನಾನು ಅನೇಕ ಸಲ ತಿರುಗಿಸಿ ನೋಡಿದ್ದೇನೆ. ಅಣ್ಣಯ್ಯ ಅಂದು “ಎಷ್ಟು ದೂರ” ಎಂದು ಕೇಳಿದಾಗ ಅವನಿಗೆ ಕಿಲೋಮೀಟರು ಬೇಕಿರಲಿಲ್ಲ. ಕರೆದರೆ ಮಗ ಎಷ್ಟು ಹೊತ್ತಿಗೆ ಬಂದಾನು ಎಂಬುದು ಅವನ ಪ್ರಶ್ನೆ. ನಾನು ಬೇರೆ ಪ್ರಶ್ನೆಗೆ ಸರಿಯಾದ ಉತ್ತರ ಬರೆದೆ. ಪರೀಕ್ಷೆಯ ಪತ್ರಿಕೆ ತಿದ್ದುವಾಗ ಹೀಗೆ ಬರೆದ ಹುಡುಗರಿಗೆ ಪ್ರಶ್ನೆಯನ್ನು ಎರಡು ಸಲ ಓದಿಕೊಳ್ಳಬೇಕೆಂದು ಕೆಂಪು ಶಾಯಿಯಲ್ಲಿ ಬರೆದು ಸೊನ್ನೆ ಹಾಕುತ್ತಿದ್ದವನು ನಾನೇ.

ಇನ್ನೊಂದು ವಿಷಯವೂ ಹೊಳೆಯಿತು. ಹಿಂದಿನ ಕಾಲದಲ್ಲಿ ನಮ್ಮ ಕಡೆಯಿಂದ ಮಲಯಾ, ಸಿಂಗಪುರಗಳಿಗೆ ಹೋಗುವವರು ಹಡಗು ಹತ್ತುತ್ತಿದ್ದರು. ಮದರಾಸಿನಿಂದ ನಾಗಪಟ್ಟಣ, ಪೆನಾಂಗ್‌ಗಳ ಮೂಲಕ ಸಿಂಗಪುರಕ್ಕೆ ‘ರಜುಲಾ’ ಎಂಬ ಹಡಗು ದಶಕಗಳ ಕಾಲ ಓಡಾಡಿತು. ಅದರ ನಂತರ ‘ಚಿದಂಬರಂ’ ಬಂದಿತು. 1985ರಲ್ಲಿ ಅದಕ್ಕೆ ಬೆಂಕಿ ಬಿದ್ದು ಹಲವರು ಸತ್ತ ಮೇಲೆ ಆ ಸಂಚಾರ ನಿಂತಿತು. ಹಡಗಿನ ಪಯಣ ಸುಮಾರು ಒಂದು ವಾರದ್ದು. ಆ ಕಾಲದಲ್ಲಿ ಯಾರೂ ಸಂಸ್ಕಾರಕ್ಕೆ ಸಿಂಗಪುರದ ಮಗನನ್ನು ಕಾಯುತ್ತಿರಲಿಲ್ಲ. ಬರಲಾಗದೆಂದು ಹೋಗುವವನಿಗೂ ಉಳಿಯುವವರಿಗೂ ಮೊದಲೇ ತಿಳಿದಿತ್ತು. ಕಾಯುವ ಆಸೆಯನ್ನು ಹುಟ್ಟಿಸಿದ್ದು ವಿಮಾನ. ಆ ಆಸೆ ಎಷ್ಟು ಹೊತ್ತಿನದೆಂದು ಸರಿಯಾಗಿ ಹೇಳಬೇಕಾಗಿದ್ದವನು ನಾನು.

2014ರ ಜನವರಿಯಲ್ಲಿ ದೊಡ್ಡವನ ಒತ್ತಾಯದಿಂದ ನಾನೂ ನನ್ನ ಹೆಂಡತಿಯೂ ಸಿಂಗಪುರಕ್ಕೆ ಹೋದೆವು. ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿಯನ್ನು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟಿದ್ದರು. ಅಂದು ನಾನು ಜೇಬಿನಲ್ಲಿ ಒಂದು ಚಿಕ್ಕ ಟಿಪ್ಪಣಿ ಪುಸ್ತಕವನ್ನು ಇಟ್ಟುಕೊಂಡು ಪ್ರತಿಯೊಂದು ಹಂತದ ಹೊತ್ತನ್ನೂ ಬರೆದುಕೊಂಡೆ. ಆ ಪುಸ್ತಕ ಈಗಲೂ ಮೇಜಿನ ಮೇಲಿದೆ.

ಬೆಳಗ್ಗೆ 11ಕ್ಕೆ ಮನೆ ಬಿಟ್ಟೆವು. ದಾರಿಯಲ್ಲಿ ಊಟ, ಕಾಫಿ. ರಾತ್ರಿ 7ಕ್ಕೆ ದೇವನಹಳ್ಳಿ. ಅಲ್ಲಿ ಸಾಲುಗಳು: ಚೀಟಿಗೊಂದು, ಪಾಸ್‌ಪೋರ್ಟಿಗೊಂದು, ತಪಾಸಣೆಗೊಂದು. ಆಮೇಲೆ ಕುರ್ಚಿಯಲ್ಲಿ ಕಾಯುವುದು. 11ಕ್ಕೆ ವಿಮಾನ ಹೊರಟಿತು.

ಮುಂದಿನ ಸೀಟಿನ ಬೆನ್ನಿನಲ್ಲಿದ್ದ ಪುಟ್ಟ ಪರದೆಯ ಮೇಲೆ ಭೂಪಟ ಕಾಣುತ್ತಿತ್ತು. ಹೆಂಡತಿ ಮಲಗಿದಳು; ನಾನು ಆ ಭೂಪಟದಿಂದ ಕಣ್ಣು ತೆಗೆಯಲಿಲ್ಲ. ಚೆನ್ನೈ ಕರಾವಳಿಯ ದೀಪಗಳು ಮುಗಿದ ಮೇಲೆ ಎರಡು ಗಂಟೆಯ ಕಾಲ ಬಂಗಾಳ ಕೊಲ್ಲಿಯ ಕತ್ತಲೆ. ಆಮೇಲೆ ಗ್ರೇಟ್ ನಿಕೋಬಾರ್ ದ್ವೀಪದ ಹತ್ತಿರ ಬಂದೆವು. ಭಾರತದ ದಕ್ಷಿಣದ ತುದಿ ಕನ್ಯಾಕುಮಾರಿ ಎಂದು ಬರೆದ ಮಕ್ಕಳನ್ನು ನಾನು ತಿದ್ದುತ್ತಿದ್ದೆನಲ್ಲ, ಆ ಇಂದಿರಾ ಪಾಯಿಂಟ್ ಇರುವುದು ಅಲ್ಲಿಯೇ. 2004ರ ಸುನಾಮಿ ತಂದ ಭೂಕಂಪದಲ್ಲಿ ಅಲ್ಲಿಯ ನೆಲ ನಾಲ್ಕು ಮೀಟರಿಗಿಂತ ಹೆಚ್ಚು ಕುಸಿದು ದೀಪಸ್ತಂಭದ ಬುಡ ನೀರಿನೊಳಗಾಯಿತು. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 1,900 ಕಿ.ಮೀ. ಅಂದರೆ ಸಿಂಗಪುರದ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ದೂರ ಸಾಗಿದ ಮೇಲೂ ಪಕ್ಕದಲ್ಲಿ ಭಾರತದ ನೆಲವೇ ಇರುತ್ತದೆ. ಅಣ್ಣಯ್ಯನಿಗೆ ಇದನ್ನು ಹೇಳಬೇಕಿತ್ತು ಎನ್ನಿಸಿತು.

ನಿಕೋಬಾರಿನಾಚೆ ಸುಮಾತ್ರಾ ದ್ವೀಪದ ಉತ್ತರ ತುದಿ, ಆಮೇಲೆ ಮಲಾಕ್ಕಾ ಜಲಸಂಧಿ. ಪರದೆಯ ಮೇಲೆ ಆ ಕಿರಿದಾದ ನೀರಿನ ಪಟ್ಟಿಯನ್ನು ಕಂಡಾಗ ಕೈ ತಾನಾಗಿಯೇ ಗಡಿಯಾರದ ಕಡೆ ಹೋಯಿತು. ಚಿತೆಗೆ ಬೆಂಕಿ ಇಟ್ಟಾಗ ಅವನಿದ್ದದ್ದು ಇಲ್ಲಿ. ಒಬ್ಬನೇ, ಬೆಲ್ಟು ಬಿಗಿದುಕೊಂಡು, ಪಕ್ಕದವರಿಗೆ ಹೇಳಲಾಗದೆ. ಊರಿನಲ್ಲಿ ನಾವು ಐವತ್ತು ಜನ ಇದ್ದೆವು.

ಇಳಿಯುವ ಮೊದಲು ಕೆಳಗೆ ಸಮುದ್ರದ ತುಂಬ ದೀಪಗಳು ಕಂಡವು. ಊರೆಂದುಕೊಂಡೆ. ಬಂದರಿನ ಹೊರಗೆ ಲಂಗರು ಹಾಕಿ ನಿಂತ ಹಡಗುಗಳು ಅವು. ಗಂಟೆ ಬೆಳಗಿನ ಆರಾದರೂ ಹೊರಗೆ ಕತ್ತಲೆ. ಇದಕ್ಕೂ ಒಂದು ಕಾರಣವಿದೆ. ಸೂರ್ಯನ ಲೆಕ್ಕದಲ್ಲಿ ಬೆಂಗಳೂರಿಗೂ ಸಿಂಗಪುರಕ್ಕೂ 26 ರೇಖಾಂಶಗಳಂತೆ ಒಂದೂಮುಕ್ಕಾಲು ಗಂಟೆಯ ವ್ಯತ್ಯಾಸವಿರಬೇಕು. ಗಡಿಯಾರದಲ್ಲಿ ಎರಡೂವರೆ ಗಂಟೆ ಇದೆ. 1982ರ ಆರಂಭದಲ್ಲಿ ಮಲೇಷ್ಯಾದ ಜೊತೆಗೆ ಸಿಂಗಪುರವೂ ತನ್ನ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿತು. ಅಂದಿನಿಂದ ಅಲ್ಲಿಯ ಜನ ಸೂರ್ಯನಿಗಿಂತ ಒಂದು ಗಂಟೆಗೂ ಹೆಚ್ಚು ಮುಂದಿದ್ದಾರೆ. ಅಲ್ಲಿ ವರ್ಷವಿಡೀ ಬೆಳಕು ಹರಿಯುವುದು ಏಳರ ಸುಮಾರಿಗೆ.

ದೊಡ್ಡವನ ಮನೆಯ ಬಾಗಿಲು ಮುಟ್ಟಿದಾಗ ಅಲ್ಲಿಯ 8 ಗಂಟೆ, ನಮ್ಮ 5.30. ಕೂಡಿಸಿ ನೋಡಿ. ತೀರ್ಥಹಳ್ಳಿಯ ಬಾಗಿಲಿನಿಂದ ಸಿಂಗಪುರದ ಬಾಗಿಲಿಗೆ ಹದಿನೆಂಟೂವರೆ ಗಂಟೆ. ಅದರಲ್ಲಿ ವಿಮಾನದ್ದು ನಾಲ್ಕೂವರೆ, ಕಾಲು ಭಾಗವೂ ಇಲ್ಲ. 3,180 ಕಿಲೋಮೀಟರಿಗೆ ನಾಲ್ಕೂವರೆ ಗಂಟೆ. ಮನೆಯಿಂದ ದೇವನಹಳ್ಳಿಯ 330 ಕಿಲೋಮೀಟರಿಗೆ ಎಂಟು ಗಂಟೆ. ಅದೂ ಮೊದಲೇ ಚೀಟಿ ಕೊಂಡು, ಒಣ ರಸ್ತೆಯಲ್ಲಿ, ದುಃಖವಿಲ್ಲದೆ ಹೊರಟವರ ಲೆಕ್ಕ.

ರಾತ್ರಿ ಊಟಕ್ಕೆ ಕುಳಿತಾಗ ಆ ಪುಸ್ತಕವನ್ನು ದೊಡ್ಡವನಿಗೆ ತೋರಿಸಿದೆ. “ಅಂದು ನಾನು ತಪ್ಪು ಲೆಕ್ಕ ಹೇಳಿದೆನಪ್ಪಾ. ನಿನ್ನ ಅಮ್ಮನನ್ನು ಇಡೀ ದಿನ ಬಾಗಿಲು ನೋಡುವಂತೆ ಮಾಡಿದೆ” ಎಂದೆ. ಮೂರು ವರ್ಷದಿಂದ ಗಂಟಲಲ್ಲಿದ್ದ ಮಾತು. ಅವನು ಪುಟಗಳನ್ನು ತಿರುವಿ ಹಾಕಿ, “ನೀವು ಹೇಳದಿದ್ದರೆ ಅಪ್ಪ ನನ್ನನ್ನು ಕಳಿಸುತ್ತಿರಲಿಲ್ಲ ಚಿಕ್ಕಪ್ಪ” ಎಂದ. ಅದು ಸಮಾಧಾನವೋ ಅಲ್ಲವೋ ನನಗೆ ಇಂದಿಗೂ ತಿಳಿದಿಲ್ಲ. ಅಪ್ಪೆಮಿಡಿಯ ಡಬ್ಬಿ ಬಿಚ್ಚಿ ಇಬ್ಬರೂ ಮೊಸರನ್ನ ಉಂಡೆವು.

ಆ ಮೇಲೆ ಕಾಲ ಬದಲಾಗಿದೆ. 2020ರ ಮಾರ್ಚ್ 23ರಿಂದ ಕೊರೋನಾದ ಕಾರಣ ಭಾರತಕ್ಕೆ ಬರುವ ನಿಯಮಿತ ವಿದೇಶಿ ವಿಮಾನಗಳೆಲ್ಲ ನಿಂತವು. ಮತ್ತೆ ಎಂದಿನಂತೆ ಶುರುವಾದದ್ದು 2022ರ ಮಾರ್ಚ್ 27ರಂದು. ನಡುವೆ ವಿಶೇಷ ವಿಮಾನಗಳು ಇದ್ದರೂ ಪರೀಕ್ಷೆ, ಪ್ರತ್ಯೇಕವಾಸ, ಅನುಮತಿ ಎಂದು ನೂರು ತೊಡಕು. ದೊಡ್ಡವನು ಎರಡು ವರ್ಷ ಊರಿನ ಮುಖ ನೋಡಲಿಲ್ಲ. ದಾರದ ಉದ್ದ ಅಷ್ಟೇ ಇತ್ತು, 3,180. 2023ರಲ್ಲಿ ಶಿವಮೊಗ್ಗಕ್ಕೇ ವಿಮಾನ ನಿಲ್ದಾಣ ಬಂದಿತು, ಕುವೆಂಪು ಅವರ ಹೆಸರಿನಲ್ಲಿ. ಬೆಂಗಳೂರಿನ ವಿಮಾನಕ್ಕೆ ಹೊಂದಿಕೆಯಾದ ದಿನ ನಮ್ಮ ಹದಿನೆಂಟು ಗಂಟೆಯಲ್ಲಿ ನಾಲ್ಕೈದು ಗಂಟೆ ಉಳಿಯುತ್ತದೆ. ಹೊಂದಿಕೆಯಾಗದ ದಿನ ಹಳೆಯ ರಸ್ತೆಯೇ ಗತಿ.

ಅತ್ತಿಗೆಗೆ ಈಗ ಎಂಬತ್ತು ದಾಟಿದೆ. ದೊಡ್ಡವನು ಪ್ರತಿ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಬಂದು ಹದಿನೈದು ದಿನ ಇರುತ್ತಾನೆ. ಅಮ್ಮ ಗಟ್ಟಿಯಾಗಿರುವಾಗಲೇ ಬರಬೇಕೆಂಬುದು ಅವನು ಮಾಡಿಕೊಂಡ ನಿಯಮ. ನಾನೂ ಮನೆಯವರಿಗೆಲ್ಲ ಹೇಳಿ, ಆ ಟಿಪ್ಪಣಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದೂ ಇಟ್ಟಿದ್ದೇನೆ: ನನ್ನ ಹೊತ್ತು ಬಂದಾಗ ಹತ್ತಿರ ಇರುವವರು ಮುಗಿಸಬೇಕು, ದೂರದಲ್ಲಿರುವವರು ನಿಧಾನವಾಗಿ ಬರಬೇಕು, ಮಳೆಯಲ್ಲಿ ಕಾರು ಓಡಿಸಬಾರದು.

ನಿನ್ನೆ ಆ ಹಳೆಯ ವಿದ್ಯಾರ್ಥಿಯ ಮನೆಗೆ ಫೋನು ಮಾಡಿದೆ. ಅವನ ತಾಯಿಗೇ ಕೊಡಲು ಹೇಳಿದೆ. “ಅಮ್ಮಾ, ವಿಮಾನದಲ್ಲಿ ಕುಳಿತುಕೊಳ್ಳುವುದು ನಾಲ್ಕೂವರೆ ಗಂಟೆ. ಆದರೆ ನಿಮ್ಮ ಮೊಮ್ಮಗ ಅಲ್ಲಿಂದ ಹೊರಟರೆ ನಿಮ್ಮ ಬಾಗಿಲಿಗೆ ಬರಲು ಒಂದು ಹಗಲು ಒಂದು ರಾತ್ರಿ ಹಿಡಿಯಿರಿ. ಅವಸರದಲ್ಲಿ ಚೀಟಿ ಸಿಗದಿದ್ದರೆ ಇನ್ನೂ ಹೆಚ್ಚು. ಕರೆದ ತಕ್ಷಣ ಬರುವಷ್ಟು ಹತ್ತಿರವಲ್ಲ. ವರ್ಷಕ್ಕೊಮ್ಮೆ ಬಂದು ನಿಮ್ಮ ಜೊತೆ ಇರುವಷ್ಟು ಹತ್ತಿರ” ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಹುಡುಗನ ಪಯಣಕ್ಕೆ ಕಲ್ಲು ಹಾಕಿದೆನೇನೋ ಎಂದು ಹೆದರಿದೆ.

“ಒಂದು ಹಗಲು ಒಂದು ರಾತ್ರಿ” ಎಂದು ಅವರು ಒಮ್ಮೆ ತಮಗೆ ತಾವೇ ಹೇಳಿಕೊಂಡರು. “ಆಯಿತು ಮೇಷ್ಟ್ರೇ. ನಾನು ಮದುವೆಯಾಗಿ ಈ ಊರಿಗೆ ಬಂದಾಗ ನನ್ನ ತವರಿಗೂ ಅಷ್ಟೇ ಆಗುತ್ತಿತ್ತು. ಹೊಳೆ ತುಂಬಿದರೆ ಅದೂ ಇಲ್ಲ. ಹೋಗಿ ಬರಲಿ ಬಿಡಿ. ಹೋಗುವ ಮೊದಲು ನಿಮ್ಮಲ್ಲಿಗೆ ಬಂದು ನಮಸ್ಕಾರ ಮಾಡಿ ಹೋಗಲು ಹೇಳುತ್ತೇನೆ.”

ಬರುವ ಭಾನುವಾರ ಹುಡುಗ ಬರುತ್ತಾನಂತೆ. ಭೂಗೋಳದ ಧೂಳು ಒರೆಸಿ ಜಗಲಿಯಲ್ಲಿಟ್ಟಿದ್ದೇನೆ.